ಕಾಂಡೋಮ್ ಹರಿದರೆ ಮೊದಲು ಮೆಡಿಕಲ್‌ಗೆ ಹೋಗಿ, ಲೆಕ್ಕ ಆಮೇಲೆ ಹಾಕಿ

ಕಾಂಡೋಮ್ ಹರಿದ ಮೇಲೆ ಜನ ಮೊದಲು ಮಾಡೋದು ಗೂಗಲ್. ಆಮೇಲೆ ಬೆರಳು ಮಡಚಿ ದಿನ ಎಣಿಸೋದು. ಆಮೇಲೆ ಯಾರ ತಪ್ಪು ಅಂತ ಇಬ್ಬರ ನಡುವೆ ಒಂದು ಸಣ್ಣ ಜಗಳ. ಮೆಡಿಕಲ್‌ಗೆ ಬರೋದು ಇದೆಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಶನಿವಾರ ರಾತ್ರಿ ಆದದ್ದು ಸೋಮವಾರ ಸಂಜೆಗೆ ಬಂದು ನಿಂತಿರುತ್ತದೆ.

ನಾನು ಘಾಟ್ಕೋಪರಿನ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಓದಿದ್ದು ಧಾರವಾಡದಲ್ಲಿ, ಮದುವೆಯಾಗಿ ಬಂದಿದ್ದು ಮುಂಬೈಗೆ. ಇದು ಮನೆಯಲ್ಲಿ ಕೂತು ಮಾತಾಡೋ ವಿಷಯ ಅಲ್ಲ. ಕೌಂಟರಿನಲ್ಲಿ ಹೇಳೋಣ ಅಂದರೆ ಹಿಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗಿರಾಕಿಗಳ ಗುರುತು ಸಿಗದ ಹಾಗೆ ಅಲ್ಲಲ್ಲಿ ವಿವರ ಬದಲಾಯಿಸಿದ್ದೇನೆ.

ಮೊದಲು ಕೆಲಸದ ಮಾತು. ಗರ್ಭ ನಿಲ್ಲದ ಹಾಗೆ ತಡೆಯೋಕೆ ಲಿವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಒಂದು ಮಾತ್ರೆ. ಐ-ಪಿಲ್, ಅನ್‌ವಾಂಟೆಡ್-72 ಅಂತ ಕೇಳುತ್ತೀರಲ್ಲ, ಎರಡರಲ್ಲೂ ಇರೋದು ಇದೇ ಔಷಧಿ, ಇಷ್ಟೇ ಪ್ರಮಾಣ. ಕಂಪನಿ ಬೇರೆ, ಡಬ್ಬಿಯ ಬಣ್ಣ ಬೇರೆ, ಅಷ್ಟೇ. ಒಂದು ಸಿಗದಿದ್ದರೆ ಇನ್ನೊಂದು ತಗೊಳ್ಳಿ, ಅದಕ್ಕಾಗಿ ಇನ್ನೂ ಮೂರು ಅಂಗಡಿ ಸುತ್ತಬೇಡಿ. ಡಾಕ್ಟರ ಚೀಟಿ ಬೇಡ. 2005ರಿಂದಲೇ ನಮ್ಮ ದೇಶದಲ್ಲಿ ಇದನ್ನು ಚೀಟಿ ಇಲ್ಲದೆ ಕೊಡಬಹುದು. ಕೆಲವು ಕಡೆ ಅಂಗಡಿಯವರು "ಚೀಟಿ ತನ್ನಿ" ಅಂತಲೋ, "ಮದುವೆ ಆಗಿದ್ಯಾ" ಅಂತಲೋ ಕೇಳುತ್ತಾರೆ ಅಂತ ಹುಡುಗಿಯರು ಬಂದು ಹೇಳಿದ್ದಾರೆ. ಹಾಗೆ ಕೇಳೋಕೆ ಅವರಿಗೆ ಹಕ್ಕಿಲ್ಲ. ಅಲ್ಲಿ ವಾದ ಮಾಡುತ್ತಾ ನಿಲ್ಲಬೇಡಿ, ಮುಂದಿನ ಅಂಗಡಿಗೆ ಹೋಗಿ. ಮುಂಬೈಯಲ್ಲಿ ಮೆಡಿಕಲ್‌ಗೇನು ಬರ.

ಡಬ್ಬಿಯ ಮೇಲೆ 72 ಗಂಟೆ ಅಂತ ಇರುತ್ತದೆ. ಇದನ್ನು ನೋಡಿ ಜನ ಮೋಸ ಹೋಗುತ್ತಾರೆ. ಮೂರು ದಿನ ಟೈಮಿದೆ ಅಲ್ವಾ, ನಾಳೆ ನೋಡೋಣ ಅನ್ನುತ್ತಾರೆ. ಆ 72 ಅನ್ನೋದು ಡಬ್ಬಿ ಹೇಳೋ ಗಡುವು, ಅಲ್ಲಿಯವರೆಗೆ ಮಾತ್ರೆಯ ಶಕ್ತಿ ಒಂದೇ ಸಮ ಇರುತ್ತದೆ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 5 ದಿನದವರೆಗೂ ತಗೊಳ್ಳಬಹುದು ಅನ್ನುತ್ತದೆ, ಆದರೆ ತಡವಾದಷ್ಟೂ ಪರಿಣಾಮ ಇಳಿಯುತ್ತಾ ಹೋಗುತ್ತದೆ ಅಂತಲೂ ಹೇಳುತ್ತದೆ.

ಯಾಕೆ ಅಂತ ಅರ್ಥವಾದರೆ ನೀವೇ ಓಡುತ್ತೀರಿ. ಈ ಮಾತ್ರೆ ಆಗಲೇ ನಿಂತ ಗರ್ಭವನ್ನು ತೆಗೆಯೋದಿಲ್ಲ. ಅದು ಮಾಡೋದು ಒಂದೇ ಕೆಲಸ, ಅಂಡಾಶಯದಿಂದ ಅಂಡಾಣು ಹೊರಗೆ ಬರೋದನ್ನು ಕೆಲವು ದಿನ ಮುಂದಕ್ಕೆ ಹಾಕೋದು. ಅಷ್ಟರಲ್ಲಿ ಒಳಗೆ ಕಾಯುತ್ತಿರುವ ವೀರ್ಯಾಣುಗಳು ಸತ್ತು ಹೋಗುತ್ತವೆ. ಆದರೆ ಅಂಡಾಣು ಹೊರಡು ಅಂತ ಮೆದುಳಿನಿಂದ ಹಾರ್ಮೋನ್ ಹೊರಟು ಅದರ ಮಟ್ಟ ಏರಿಬಿಟ್ಟಿದ್ದರೆ ಈ ಮಾತ್ರೆಯಿಂದ ಹೆಚ್ಚೇನೂ ಆಗೋದಿಲ್ಲ. ಲೋಕಲ್ ಹೊರಟ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಕೈ ಬೀಸಿದ ಹಾಗೆ. ಒಳಗೆ ಆ ಹಾರ್ಮೋನ್ ಇವತ್ತು ಏರುತ್ತದೋ ನಾಳೆ ಏರುತ್ತದೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಿರುವಾಗ ಬೆಳಿಗ್ಗೆ ತಗೊಳ್ಳಬಹುದಾದ ಮಾತ್ರೆಯನ್ನು ಸಂಜೆವರೆಗೆ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡೋದರಲ್ಲಿ ಏನರ್ಥ?

ಇನ್ನು ಬೆರಳು ಮಡಚೋ ಲೆಕ್ಕ. ಕೌಂಟರಿಗೆ ಬರೋರಲ್ಲಿ ಹುಡುಗರೇ ಜಾಸ್ತಿ. ಅವಳ ಕೊನೆಯ ಡೇಟ್ ಯಾವಾಗ ಅಂತ ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ಅಂಗಡಿಯಿಂದ ಹೊರಗೆ ಹೋಗಿ ಫೋನ್ ಮಾಡಿಕೊಂಡು ಬರುತ್ತಾರೆ. ಬಂದು "ಹದಿನೆಂಟನೇ ದಿನವಂತೆ, ಸೇಫ್ ಅಲ್ವಾ ಅಕ್ಕಾ?" ಅನ್ನುತ್ತಾರೆ. ಅಲ್ಲಪ್ಪಾ, ಸೇಫ್ ಅಂತ ಹೇಳೋಕಾಗಲ್ಲ.

ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಬದುಕಿರಬಲ್ಲದು. ಅಂಡಾಣು ಹೊರಬಂದ ಮೇಲೆ ಬದುಕೋದು ಹೆಚ್ಚೆಂದರೆ ಒಂದು ದಿನ. ಎರಡನ್ನೂ ಕೂಡಿಸಿದರೆ ತಿಂಗಳಲ್ಲಿ ಗರ್ಭ ನಿಲ್ಲೋ ದಿನಗಳು ಸುಮಾರು ಆರು. ಅಂಡಾಣು ಬರೋ ದಿನ ಮತ್ತು ಅದಕ್ಕೆ ಮೊದಲಿನ ಐದು ದಿನ. 1995ರಲ್ಲಿ ಅಮೆರಿಕದಲ್ಲಿ ಮಗು ಬೇಕು ಅಂತ ಪ್ರಯತ್ನ ಮಾಡುತ್ತಿದ್ದ 221 ಹೆಂಗಸರ ಅಧ್ಯಯನ ಪ್ರಕಟವಾಯಿತು. ಆ ಆರು ದಿನದಲ್ಲಿ ಮೊದಲನೇ ದಿನ ಸೇರಿದರೆ ಗರ್ಭ ನಿಲ್ಲೋ ಸಾಧ್ಯತೆ ನೂರಕ್ಕೆ ಸುಮಾರು 10, ಕೊನೆಯ ದಿನ ನೂರಕ್ಕೆ ಸುಮಾರು 33 ಅಂತ ಅದರಲ್ಲಿ ಕಂಡುಬಂತು. ತಿಂಗಳ ಯಾವ ದಿನ ಅಂತ ನೋಡದೆ ಸರಾಸರಿ ತೆಗೆದರೆ ಒಂದು ಸಲಕ್ಕೆ ನೂರಕ್ಕೆ ಮೂರೋ ಐದೋ ಬರುತ್ತದೆ. ಇದನ್ನು ಹೇಳಿದರೆ ಕೆಲವರು ಅಬ್ಬಾ ಅಂತ ಉಸಿರು ಬಿಡುತ್ತಾರೆ. ಬಿಡಬೇಡಿ. ನಿಮ್ಮ ದಿನ ಸರಾಸರಿಯ ದಿನವೋ ಆ ಆರರಲ್ಲಿ ಒಂದೋ, ಅದೇ ಅಲ್ವಾ ಪ್ರಶ್ನೆ.

ಆ ಆರು ದಿನ ಯಾವುವು ಅಂತ ಎಣಿಸಬಹುದಲ್ಲ ಅಂತೀರಿ. ಅಂಡಾಣು ಬರೋದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಿಂದಿನ ಮುಟ್ಟಿನಿಂದ 14 ದಿನ ಆದ ಮೇಲೆ ಅಂತಲ್ಲ. 28 ದಿನಕ್ಕೆ ಸರಿಯಾಗಿ ಆಗೋರಿಗೆ ಎರಡೂ ಒಂದೇ. 35 ದಿನಕ್ಕೆ ಆಗೋರಿಗೆ ಅದು ಇಪ್ಪತ್ತೊಂದನೇ ದಿನದ ಹತ್ತಿರ ಹೋಗುತ್ತದೆ. ಮುಂದಿನ ಮುಟ್ಟು ಯಾವಾಗ ಬರುತ್ತದೆ ಅಂತ ಈಗಲೇ ಖಚಿತವಾಗಿ ಹೇಳೋರು ಯಾರು? ಪರೀಕ್ಷೆ, ಜ್ವರ, ನೈಟ್ ಶಿಫ್ಟ್, ಊರಿಗೆ ಹೋಗಿ ಬಂದ ಸುಸ್ತು, ಯಾವುದರಿಂದ ಬೇಕಾದರೂ ಡೇಟ್ ಹಿಂದೆ ಮುಂದೆ ಆಗಬಹುದು. ಫೋನಿನ ಆ್ಯಪ್ ಹಸಿರು ಬಣ್ಣ ತೋರಿಸಿತು ಅಂತ ನಂಬಿ ಕೂತವರನ್ನೂ ನೋಡಿದ್ದೇನೆ. ಆ ಆ್ಯಪ್ ಹಾಕೋದೂ ಅಂದಾಜೇ.

ಇಲ್ಲಿ ನಮ್ಮವರ ಒಂದು ವಿಶೇಷ ಹೇಳಲೇಬೇಕು. ಮುಂಬೈಯಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ ಅಂತಾರೆ, ಆದರೆ ಕನ್ನಡದವರಿಗೆ ಕನ್ನಡದವರೆಲ್ಲ ಗೊತ್ತು. ಹೋಟೆಲ್, ಸಂಘ, ಯಕ್ಷಗಾನ, ಸತ್ಯನಾರಾಯಣ ಪೂಜೆ, ಎಲ್ಲೋ ಒಂದು ಕಡೆ ದಾರ ಸಿಕ್ಕೇ ಸಿಗುತ್ತದೆ. ಒಂದು ದಿನ ಒಬ್ಬಳು ಹುಡುಗಿ ಬಂದಳು. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್, ಕೈಯಲ್ಲಿ ಮಡಚಿದ ಐನೂರರ ನೋಟು. ಹಿಂದಿಯಲ್ಲಿ ಧೈರ್ಯವಾಗಿಯೇ ಕೇಳಿದಳು. ನಾನು ಡ್ರಾಯರ್ ಎಳೆಯುತ್ತಿದ್ದೆ, ಅಷ್ಟರಲ್ಲಿ ನನ್ನ ಫೋನ್ ಬಂತು. ಅಮ್ಮನದು. "ಹಾಂ ಅವ್ವಾ, ಆಮ್ಯಾಲ ಮಾಡ್ತೀನಿ" ಅಂದು ಇಟ್ಟೆ. ತಲೆ ಎತ್ತಿ ನೋಡಿದರೆ ಹುಡುಗಿಯ ಮುಖದ ಬಣ್ಣವೇ ಹೋಗಿದೆ. "ನಹೀ ನಹೀ, ಕ್ರೋಸಿನ್ ದೇ ದೋ" ಅಂದಳು. ನಾನು ಕ್ರೋಸಿನ್ ಕೊಟ್ಟೆ. ಜೊತೆಗೆ ಆ ಡಬ್ಬಿಯನ್ನೂ ಕಂದು ಕಾಗದದ ಕವರಿಗೆ ಹಾಕಿ, ಅವಳಿಗೆ ಮಾತ್ರ ಕೇಳೋ ಹಾಗೆ ಕನ್ನಡದಲ್ಲೇ ಹೇಳಿದೆ, "ನೋಡು ತಂಗಿ, ನೀ ಯಾರ ಮಗಳು ಅಂತ ನಾ ಕೇಳೋದಿಲ್ಲ. ಇದನ್ನ ಈಗಲೇ ನುಂಗು, ನೀರು ಇಲ್ಲೇ ಐತಿ." ಅವಳು ಅಲ್ಲೇ ನಿಂತು ನುಂಗಿದಳು. ಹೋಗುವಾಗ ತಿಳಿಯಿತು, ಅವಳಿರೋದು ಠಾಣೆಯಲ್ಲಿ. ಅಲ್ಲಿ ಯಾರಾದರೂ ನೋಡಿಯಾರು ಅಂತ ಇಲ್ಲಿಯವರೆಗೆ ಟ್ರೈನ್ ಹತ್ತಿ ಬಂದಿದ್ದಾಳೆ, ಅದೂ ಆಫೀಸ್ ಮುಗಿಸಿಕೊಂಡು!

ಬಿಲ್ಲಿನಲ್ಲಿ ಹೆಸರು ಬರೆಯಲೇಬೇಕು ಅಂತ ಹೆದರುವವರಿದ್ದಾರೆ. ಇದಕ್ಕೆ ಹೆಸರು ಬೇಡ, ಫೋನ್ ನಂಬರೂ ಬೇಡ. ಕೇಳಿದರೆ ಕೊಡಲ್ಲ ಅನ್ನಿ.

ಮಾತ್ರೆ ಕೊಡುವ ಮೊದಲು ನಾನು ಕೇಳೋ ಪ್ರಶ್ನೆ ಬೇರೆ. ಟಿಬಿ ಮಾತ್ರೆ ನಡೀತಾ ಇದೆಯಾ? ಫಿಟ್ಸ್‌ಗೆ ಏನಾದರೂ ತಗೊಳ್ತಾ ಇದ್ದೀರಾ? ಜನ ಇವಳಿಗ್ಯಾಕೆ ಇದೆಲ್ಲ ಅನ್ನೋ ಹಾಗೆ ನೋಡುತ್ತಾರೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಎಚ್‌ಐವಿಗೆ ಕೊಡುವ ಎಫಾವಿರೆಂಜ್, ಇವು ನಡೆಯುತ್ತಿದ್ದರೆ ಲಿವರ್ ಈ ಹಾರ್ಮೋನನ್ನು ಬೇಗ ಬೇಗ ಕರಗಿಸಿ ಹಾಕುತ್ತದೆ. ಒಂದು ಮಾತ್ರೆಯ ಬಲ ಸಾಲದೆ ಹೋಗಬಹುದು. ಅಂಥವರು ಅವತ್ತೇ ಡಾಕ್ಟರನ್ನು ನೋಡಬೇಕು. ಅವರು ಎರಡು ಮಾತ್ರೆ ಒಟ್ಟಿಗೆ ತಗೊಳ್ಳಿ ಅನ್ನಬಹುದು, ಇಲ್ಲವೇ ಗರ್ಭಕೋಶದೊಳಗೆ ಇಡೋ ಕಾಪರ್-ಟಿ ಹಾಕಿಸಿಕೊಳ್ಳಿ ಅನ್ನಬಹುದು. ಮುಂಬೈಯಲ್ಲಿ ಟಿಬಿ ಎಷ್ಟಿದೆ ಅಂತ ಇಲ್ಲಿ ಇರೋರಿಗೆ ಹೇಳಬೇಕಾಗಿಲ್ಲ. ತೂಕ ತುಂಬಾ ಜಾಸ್ತಿ ಇರೋರಲ್ಲೂ ಈ ಮಾತ್ರೆಯ ಪರಿಣಾಮ ಕಡಿಮೆಯಾಗಬಹುದು, ಅವರಿಗೂ ಇದೇ ಮಾತು. ಮಗುವಿಗೆ ಹಾಲು ಕುಡಿಸೋ ತಾಯಂದಿರು ತಗೊಳ್ಳಬಹುದು, ಹೆದರಬೇಕಾಗಿಲ್ಲ.

ಡಾಕ್ಟರು ಹೇಳದೆ, ಇರಲಿ ಅಂತ ಎರಡು ನುಂಗೋದು ವ್ಯರ್ಥ. ಮೊದಲೆಲ್ಲ 0.75ರ ಎರಡು ಮಾತ್ರೆ, 12 ಗಂಟೆ ಬಿಟ್ಟು ತಗೊಳ್ಳೋ ಪದ್ಧತಿ ಇತ್ತು, ಆ ನೆನಪಿನ ಮೇಲೆ ಈಗಲೂ ಕೆಲವರು ಎರಡು ಡಬ್ಬಿ ಒಯ್ಯುತ್ತಾರೆ. ಈಗ ಅದೆಲ್ಲ ಒಂದೇ ಮಾತ್ರೆಯಲ್ಲಿ ಇದೆ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿ ಆದರೆ ಮಾತ್ರ ಇನ್ನೊಂದು ತಗೊಳ್ಳಬೇಕು. ಹೊಟ್ಟೆ ತೊಳಸೋದು, ತಲೆನೋವು, ಸ್ತನ ಬಿಗಿಯಾಗೋದು, ಸುಸ್ತು ಇವೆಲ್ಲ ಒಂದೆರಡು ದಿನ ಇರಬಹುದು. ಏನಾದರೂ ತಿಂದು ನುಂಗಿದರೆ ಕೆಲವರಿಗೆ ಹಗುರ ಅನ್ನಿಸುತ್ತದೆ. ಹಾಗಂತ ಊಟದ ಹೊತ್ತಿಗೆ ಕಾಯೋದು ಬೇಡ, ಎರಡು ಬಿಸ್ಕತ್ತು ಸಾಕು.

ಮಾತ್ರೆ ತಗೊಂಡ ಮೇಲಿನ ದಿನಗಳದ್ದೇ ಇನ್ನೊಂದು ಗೋಳು. ನಾಲ್ಕೈದು ದಿನಕ್ಕೆ ಸ್ವಲ್ಪ ರಕ್ತ ಕಾಣಿಸಿದರೆ "ಆಯ್ತು, ಪೀರಿಯಡ್ಸ್ ಬಂತು, ಬಚಾವಾದೆ" ಅಂದುಕೊಂಡು ಬಿಡುತ್ತಾರೆ. ಅದು ಹಾರ್ಮೋನಿನ ಏರುಪೇರಿನಿಂದ ಬಂದ ರಕ್ತವೂ ಇರಬಹುದು, ಲೆಕ್ಕಕ್ಕೆ ಹಿಡಿಯಬೇಡಿ. ನಿಜವಾದ ಮುಟ್ಟು ಒಂದು ವಾರ ಹಿಂದೆ ಮುಂದೆ ಆಗೋದು ಮಾಮೂಲು. ಒಂದು ವಾರಕ್ಕಿಂತ ತಡವಾದರೆ, ಇಲ್ಲವೇ ಆ ಘಟನೆಯಾಗಿ ಮೂರು ವಾರ ಆದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಗರ್ಭ ಪರೀಕ್ಷೆಯ ಕಿಟ್ ಇಟ್ಟು ನೋಡಿ. ಎರಡನೇ ದಿನಕ್ಕೇ ಟೆಸ್ಟ್ ಮಾಡಿ ಒಂದೇ ಗೆರೆ ಬಂತು ಅಂತ ಫೋಟೋ ತೋರಿಸೋರಿದ್ದಾರೆ ನನಗೆ. ಎರಡನೇ ದಿನಕ್ಕೆ ಯಾರಿಗಾದರೂ ಒಂದೇ ಗೆರೆ ಬರೋದು! ಕಿಟ್ ಹಿಡಿಯೋ ಹಾರ್ಮೋನ್ ಆಗ ಇನ್ನೂ ಹುಟ್ಟಿಯೇ ಇರೋದಿಲ್ಲ. ಕಿಬ್ಬೊಟ್ಟೆಯ ಒಂದು ಕಡೆ ಜೋರು ನೋವು, ತಲೆ ಸುತ್ತು ಬಂದರೆ ಮಾತ್ರ ಕಿಟ್ ಗಿಟ್ ಅಂತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಗರ್ಭ ನಳಿಕೆಯಲ್ಲಿ ನಿಂತಿದ್ದರೂ ಹೀಗಾಗಬಹುದು.

ಯಾರೂ ಹೇಳದ ಒಂದು ಅಪಾಯ ಇದೆ. ಮಾತ್ರೆ ತಗೊಂಡೆವು ಅಂತ ಅದೇ ವಾರ ಮತ್ತೆ ಕಾಂಡೋಮ್ ಇಲ್ಲದೆ ಸೇರುತ್ತಾರೆ. ಮಾತ್ರೆ ಅಂಡಾಣುವನ್ನು ಮುಂದಕ್ಕೆ ಹಾಕಿದೆ ಅಂದೆನಲ್ಲ, ಅಂದರೆ ಅದು ಇನ್ನೂ ಬರೋದಿದೆ. ಈ ವಾರ ಬರಬೇಕಾಗಿದ್ದದ್ದು ಮುಂದಿನ ವಾರ ಬರುತ್ತದೆ, ನೀವು ಸೇಫ್ ಅಂದುಕೊಂಡ ದಿನವೇ ಬಂದು ಕೂರುತ್ತದೆ. ಮುಂದಿನ ಮುಟ್ಟು ಬರೋವರೆಗೆ ಕಾಂಡೋಮ್ ಬಿಡಬೇಡಿ.

ಎಲ್ಲಕ್ಕಿಂತ ಗಟ್ಟಿ ಉಪಾಯ ಮಾತ್ರೆ ಅಲ್ಲ, ತಾಮ್ರದ ಕಾಪರ್-ಟಿ. ಕಾಂಡೋಮ್ ಹರಿದ 5 ದಿನದೊಳಗೆ ಹಾಕಿಸಿಕೊಂಡರೆ ನೂರಕ್ಕೆ 99ಕ್ಕಿಂತ ಜಾಸ್ತಿ ತಡೆಯುತ್ತದೆ, ತೂಕ ಎಷ್ಟಿದ್ದರೂ ಅಷ್ಟೇ ಕೆಲಸ ಮಾಡುತ್ತದೆ, ಮೇಲಾಗಿ ಮುಂದೆ ಎಷ್ಟೋ ವರ್ಷ ಯೋಚನೆಯೇ ಇಲ್ಲ. ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ಮಕ್ಕಳಾಗದವರಿಗೆ ಹಾಕಬಾರದು ಅನ್ನೋದು ಹಳೆಯ ನಂಬಿಕೆ. ಆದರೂ ನಮ್ಮ ಕಡೆ ಹೆಂಗಸರಿಗೆ ಇದರ ಹೆಸರು ಹೇಳಿದರೆ ಸಾಕು, ಮೇಲೆ ಹೃದಯಕ್ಕೆ ಏರಿ ಹೋಗುತ್ತದಂತೆ ಅನ್ನುತ್ತಾರೆ. ಎಲ್ಲಿಂದ ಎಲ್ಲಿಗೆ! ಗರ್ಭಕೋಶದಿಂದ ಹೃದಯಕ್ಕೆ ದಾರಿಯೇ ಇಲ್ಲ.

ಕಾಂಡೋಮ್ ಹರಿದಾಗ ಎಲ್ಲರ ತಲೆಯಲ್ಲಿ ಗರ್ಭವೊಂದೇ ಇರುತ್ತದೆ. ಕಾಯಿಲೆಯ ಮಾತನ್ನು ಯಾರೂ ಎತ್ತೋದಿಲ್ಲ. ಜೊತೆಗಿದ್ದವರ ಆರೋಗ್ಯದ ಬಗ್ಗೆ ಗೊತ್ತಿಲ್ಲ ಅಂತಾದರೆ ಎಚ್‌ಐವಿ ತಡೆಯೋ ಔಷಧಿಯೂ ಇದೆ. ಅದನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೊಳ್ಳಬೇಕು. ಇದಕ್ಕೆ ಮೆಡಿಕಲ್‌ಗೆ ಬಂದು ಉಪಯೋಗವಿಲ್ಲ. ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿಗೆ ಔಷಧಿ ಕೊಡೋ ಎಆರ್‌ಟಿ ಕೇಂದ್ರ ಇಲ್ಲವೇ ತುರ್ತು ವಿಭಾಗಕ್ಕೆ ಹೋಗಿ. 1097ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಐ-ಪಿಲ್ ಯಾವ ಕಾಯಿಲೆಯನ್ನೂ ತಡೆಯೋದಿಲ್ಲ.

ಹರಿದದ್ದು ಯಾಕೆ ಅಂತಲೂ ಒಂದು ಮಾತು. ಹೋಟೆಲಿನಲ್ಲಿ ಕೆಲಸ ಮಾಡೋ ಕುಂದಾಪುರ ಕಡೆಯ ಹುಡುಗನೊಬ್ಬ, ಮದುವೆಯಾಗಿ ಹೆಂಡತಿಯನ್ನು ಹೊಸದಾಗಿ ಇಲ್ಲಿಗೆ ಕರೆತಂದವನು, ಬಂದು ಕಂಪನಿಗೆ ಬೈದ. ಎರಡನೇ ಸಲವಂತೆ ಹರಿದದ್ದು. ಎಣ್ಣೆ ಗಿಣ್ಣೆ ಹಚ್ಚಿದ್ಯಾ ಮಾರಾಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ತೆಂಗಿನೆಣ್ಣೆ... ಊರಿನದ್ದು, ಶುದ್ಧ" ಅಂದ. ಊರಿನದ್ದಾದರೂ ಅಷ್ಟೇ, ಗಾಣದ್ದಾದರೂ ಅಷ್ಟೇ. ಲೇಟೆಕ್ಸ್ ಕಾಂಡೋಮಿಗೆ ಯಾವ ಎಣ್ಣೆ ತಾಗಿದರೂ, ವ್ಯಾಸಲಿನ್ ತಾಗಿದರೂ, ರಬ್ಬರ್ ಮೆತ್ತಗಾಗಿ ಹರಿಯುತ್ತದೆ. ಜಾರೋಕೆ ಹಚ್ಚೋ ನೀರಿನ ಲ್ಯೂಬ್ ಸಿಗುತ್ತದೆ, ಅದನ್ನು ಕೇಳಿ. ಪ್ಯಾಂಟಿನ ಹಿಂದಿನ ಜೇಬಿನ ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬೇಯಿಸಿದ್ದನ್ನು ಹಾಕಬೇಡಿ. ಹಲ್ಲಿನಿಂದ ಕಚ್ಚಿ ಪ್ಯಾಕೆಟ್ ಬಿಚ್ಚಬೇಡಿ. ತುದಿಯ ಗಾಳಿ ಒತ್ತಿ ತೆಗೆದು ಹಾಕಿ. ಒಂದರ ಮೇಲೊಂದು ಎರಡು ಹಾಕಿದರೆ ಗಟ್ಟಿ ಅಂತ ಯಾರೋ ಹೇಳಿದ್ದಾರೆ, ಅವು ಒಂದಕ್ಕೊಂದು ಉಜ್ಜಿ ಇನ್ನೂ ಬೇಗ ಹರಿಯುತ್ತವೆ.

ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯೋದು ಮಾತ್ರ ದಯವಿಟ್ಟು ಬೇಡ. ಉರಿ, ಸೋಂಕು ಬಿಟ್ಟರೆ ಬೇರೇನೂ ಸಿಗಲ್ಲ. ವೀರ್ಯಾಣು ನಿಮ್ಮ ಮಗ್ಗಿಗೆ ಕಾಯುತ್ತಾ ಬಾಗಿಲಲ್ಲಿ ನಿಂತಿರೋದಿಲ್ಲ. ಪಪಾಯಿ, ಎಳ್ಳು, ಕುದಿಯೋ ಕಷಾಯ, ಮೆಟ್ಟಿಲು ಹತ್ತಿ ಇಳಿಯೋದು, ಇವುಗಳಲ್ಲಿ ಯಾವುದೂ ಈ ಕೆಲಸ ಮಾಡೋದಿಲ್ಲ.

ಮತ್ತೆ ಮತ್ತೆ ತಗೊಂಡರೆ ಬಂಜೆಯಾಗುತ್ತಾರೆ ಅನ್ನೋ ಮಾತು ಸುಳ್ಳು. ಆದರೆ ತಿಂಗಳು ತಿಂಗಳು ಇದನ್ನೇ ಒಯ್ಯುವವರಿಗೆ ನಾನು ಹೇಳೋದೇನಂದರೆ, ಇದು ದುಬಾರಿ, ಮುಟ್ಟು ಪೂರಾ ಗಜಿಬಿಜಿಯಾಗುತ್ತದೆ, ದಿನಾ ತಗೊಳ್ಳೋ ಮಾತ್ರೆಯಷ್ಟು ಭರವಸೆಯದ್ದೂ ಅಲ್ಲ. ಸರಕಾರಿ ಕೇಂದ್ರಗಳಲ್ಲಿ ಛಾಯಾ ಅನ್ನೋ ಮಾತ್ರೆ ಇದೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳೋ ಅಂತರಾ ಇಂಜೆಕ್ಷನ್ ಇದೆ. ಹೋಗಿ ಕೇಳಿ.

ಎಲ್ಲ ಮಾಡಿಯೂ ಎರಡು ಗೆರೆ ಬಂದರೆ? ಬರಬಹುದು. ಬೇಗ ಮಾತ್ರೆ ತಗೊಂಡವರಲ್ಲೂ ನೂರಕ್ಕೆ ಒಬ್ಬಿಬ್ಬರಿಗೆ ಗರ್ಭ ನಿಲ್ಲುತ್ತದೆ. ಮಗುವನ್ನು ಇಟ್ಟುಕೊಳ್ಳೋದಾದರೆ, ನುಂಗಿದ ಆ ಮಾತ್ರೆಯಿಂದ ಮಗುವಿಗೆ ತೊಂದರೆ ಇಲ್ಲ. ಬೇಡ ಅಂತಾದರೆ ಕಾನೂನು ನಿಮ್ಮ ಕಡೆ ಇದೆ. 1971ರ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿದೆ, 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಮದುವೆಯಾಗದವರು ಅಂತ ಭೇದ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 18 ತುಂಬಿದವಳಿಗೆ ಅವಳ ಸಹಿ ಒಂದೇ ಬೇಕು, ಗಂಡನದ್ದೂ ಬೇಡ, ಅಪ್ಪ ಅಮ್ಮನದ್ದೂ ಬೇಡ. ಡಾಕ್ಟರು ಅವಳ ಹೆಸರು ಹೊರಗೆ ಬಿಡುವಂತಿಲ್ಲ. ಆದರೆ ಗರ್ಭ ತೆಗೆಯೋ ಮಾತ್ರೆಯೇ ಬೇರೆ, ಐ-ಪಿಲ್ ಅಲ್ಲ. ಗರ್ಭ ಎಷ್ಟು ವಾರದ್ದು, ಗರ್ಭಕೋಶದೊಳಗೇ ಇದೆಯಾ ಅಂತ ನೋಡದೆ ಅದನ್ನು ತಗೊಂಡರೆ ಜೀವಕ್ಕೇ ಬರಬಹುದು. ಚೀಟಿ ಇಲ್ಲದೆ ಅದನ್ನು ಕೇಳಿಕೊಂಡು ಬಂದವರಿಗೆ ನಾನು ಕೊಡೋದಿಲ್ಲ, ಹತ್ತಿರದ ಲೇಡಿ ಡಾಕ್ಟರ ಹೆಸರು, ಅವರು ಕೂರೋ ಟೈಮು ಬರೆದು ಕೊಡುತ್ತೇನೆ.